ಗೊರಿಲ್ಲಗಳ ಗೆಳತಿ ಡಯಾನ್ ಫಾಸಿ

ಬೊರಿವಲಿಯಲ್ಲಿ ಬೆಳೆಯುವ ನಮಗೆ ಮಂಗಗಳು ಅಪರಿಚಿತವಲ್ಲ. ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲನ್ನು ದಾಟಿ ಕಾನ್ಹೇರಿ ಗುಹೆಗಳತ್ತ ನಡೆದವರೆಲ್ಲರೂ ಅವುಗಳ ಚೇಷ್ಟೆಯನ್ನು ಕಂಡವರೇ. ಕೈಯಲ್ಲಿದ್ದ ಕಡಲೆಕಾಯಿಯ ಪೊಟ್ಟಣ ಕ್ಷಣಾರ್ಧದಲ್ಲಿ ಮಾಯವಾಗುತ್ತದೆ. ಕಳ್ಳನು ಮರದ ಕೊಂಬೆಯ ಮೇಲೆ ಕುಳಿತು ನಿಶ್ಚಿಂತನಾಗಿ ತಿನ್ನುತ್ತಿರುತ್ತಾನೆ. ನಾವು ನಗುತ್ತೇವೆ, ನಮ್ಮಲ್ಲಿ ಕೆಲವರು ಕಲ್ಲನ್ನೂ ಎತ್ತಿಕೊಳ್ಳುತ್ತಾರೆ. ಕಲ್ಲನ್ನು ಕಂಡೊಡನೆ ತಾಯಿಮಂಗವು ಮರಿಯನ್ನು ಹೊಟ್ಟೆಗವಚಿಕೊಂಡು ಓಡುವ ರೀತಿಯನ್ನು ಮಾತ್ರ ನಾವು ನಿಂತು ನೋಡುವುದಿಲ್ಲ. ನಿಂತು ನೋಡಿದವರಿಗೆ ಅದರಲ್ಲಿ ನಮ್ಮ ಮನೆಯ ತಾಯಂದಿರ ಹೋಲಿಕೆ ಕಾಣದೆ ಇರದು.

ಹೀಗೆ ನಿಂತು ನೋಡುವುದನ್ನೇ ಬಾಳಿನ ವ್ರತವನ್ನಾಗಿ ಮಾಡಿಕೊಂಡವರು ಜಗತ್ತಿನಲ್ಲಿ ಹಲವರಿದ್ದಾರೆ. ನಮ್ಮ ಧಾರವಾಡದ ಸುತ್ತಣ ಕಾಡುಗಳಲ್ಲಿಯೇ 1960ರ ದಶಕದ ಆರಂಭದಲ್ಲಿ ಜಪಾನಿನ ವಿಜ್ಞಾನಿ ಸುಗಿಯಾಮ ಮತ್ತು ಅವರ ಸಂಗಡಿಗರು ಮುಸಿಯಗಳ ಹಿಂಡುಗಳನ್ನು ಹಿಂಬಾಲಿಸಿ ಅವುಗಳ ಸಂಸಾರದ ಕಥೆಯನ್ನು ಲೋಕಕ್ಕೆ ತಿಳಿಸಿದರು. ಅದೇ ದಶಕದಲ್ಲಿ ಆಫ್ರಿಕಾ ಖಂಡದ ಒಂದು ಮಂಜಿನ ಬೆಟ್ಟವನ್ನೇರಿ, ಹದಿನೆಂಟು ವರ್ಷಗಳ ಕಾಲ ಗೊರಿಲ್ಲಗಳ ನಡುವೆ ಬಾಳಿ, ಅಲ್ಲಿಯೇ ಮಣ್ಣಾದ ಒಬ್ಬ ಮಹಿಳೆಯ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಡಯಾನ್ ಫಾಸಿ 1932ನೆಯ ಇಸವಿ ಜನವರಿ 16ರಂದು ಅಮೆರಿಕಾದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿದಳು. ಆಕೆ ಆರು ವರ್ಷದವಳಿದ್ದಾಗ ತಂದೆತಾಯಿಗಳು ಬೇರೆಯಾದರು. ತಾಯಿ ಮರುಮದುವೆಯಾದಳು. ಮಲತಂದೆಯು ಶಿಸ್ತಿನ ಮನುಷ್ಯ. ಮಗುವು ಹತ್ತು ವರ್ಷದವರೆಗೆ ಹಿರಿಯರೊಡನೆ ಊಟಕ್ಕೆ ಕೂಡುವಂತಿರಲಿಲ್ಲ, ಅಡಿಗೆಮನೆಯಲ್ಲಿ ಕೆಲಸದವಳೊಡನೆ ಉಣಬೇಕಾಗಿತ್ತು. ಸಾಕುಪ್ರಾಣಿಯೆಂದು ಆಕೆಗೆ ದೊರೆತದ್ದು ಒಂದೇ ಒಂದು ಹೊಂಬಣ್ಣದ ಮೀನು. ಒಂಟಿತನದಲ್ಲಿ ಬೆಳೆದ ಆ ಬಾಲಿಕೆಗೆ ಮೂಕಪ್ರಾಣಿಗಳ ಮೇಲೆ ಅಪಾರವಾದ ಮಮತೆ ಹುಟ್ಟಿತು. ಚಿಕ್ಕಂದಿನಲ್ಲಿಯೇ ಕುದುರೆ ಸವಾರಿಯನ್ನು ಕಲಿತಳು.

ಪಶುವೈದ್ಯಳಾಗಬೇಕೆಂಬುದು ಆಕೆಯ ಹಂಬಲವಾಗಿತ್ತು. ಆದರೆ ಕಾಲೇಜಿನಲ್ಲಿ ಭೌತಶಾಸ್ತ್ರ ರಸಾಯನಶಾಸ್ತ್ರಗಳು ಕೈಗೂಡಲಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಆಕೆ ಆ ಮಾರ್ಗವನ್ನು ಬಿಡಬೇಕಾಯಿತು. ನಮ್ಮಲ್ಲಿ ಯಾರಿಗಾದರೂ ಅಂಕಗಳು ಕಡಿಮೆ ಬಂದು ಮನಸ್ಸು ಕುಗ್ಗಿದ್ದರೆ ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಡಯಾನ್ ಬೇರೊಂದು ವಿದ್ಯೆಯನ್ನು ಹಿಡಿದಳು. ಕೈಕೆಲಸ ಆಟಪಾಟಗಳ ಮೂಲಕ ಬಲಗುಂದಿದ ಅಂಗಗಳಿಗೆ ಚೈತನ್ಯ ತರುವ ಚಿಕಿತ್ಸಾವಿಧಾನವದು. 1954ರಲ್ಲಿ ಪದವಿಯನ್ನು ಪಡೆದು, ಕೆಂಟಕಿ ಪ್ರಾಂತದ ಲೂಯಿವಿಲ್ ಎಂಬ ಊರಿನಲ್ಲಿ ಅಂಗವೈಕಲ್ಯವುಳ್ಳ ಮಕ್ಕಳ ಆಸ್ಪತ್ರೆಯನ್ನು ಸೇರಿದಳು. ಮಾತಿನಿಂದ ಮನಸ್ಸನ್ನು ತೋಡಿಕೊಳ್ಳಲಾರದ ಮಕ್ಕಳ ಬಳಿ ಸದ್ದಿಲ್ಲದೆ ಕುಳಿತು ಅವರ ವಿಶ್ವಾಸವನ್ನು ಗಳಿಸುವ ಕಲೆಯನ್ನು ಆಕೆ ಅಲ್ಲಿ ಕಲಿತಳೆಂದು ನಮಗೆ ತೋರುತ್ತದೆ. ಮುಂದೆ ಬೆಟ್ಟದ ಮೇಲೆ ಆಕೆಗೆ ಒದಗಿ ಬಂದುದು ಇದೇ ಕಲೆ.

ಆಫ್ರಿಕಾ ಖಂಡವನ್ನು ಕಾಣಬೇಕೆಂಬ ಆಸೆ ಬಲವಾಗಲು, ತನ್ನ ಉಳಿತಾಯವೆಲ್ಲವನ್ನೂ ಕೂಡಿಸಿ, ಸಾಲದ ಹಣವನ್ನೂ ಸೇರಿಸಿ, 1963ರಲ್ಲಿ ಏಳು ವಾರಗಳ ಪ್ರವಾಸವನ್ನು ಕೈಕೊಂಡಳು. ಆದಿಮಾನವನ ಅಸ್ಥಿಗಳನ್ನು ಅಗೆದು ತೆಗೆಯುತ್ತಿದ್ದ ಪ್ರಖ್ಯಾತ ವಿದ್ವಾಂಸ ಲೂಯಿ ಲೀಕಿಯವರನ್ನು ಅಲ್ಲಿ ಕಂಡಳು. ಅವರ ಅಗೆತದ ಹಳ್ಳದಲ್ಲಿ ಜಾರಿ ಬಿದ್ದು ಕಾಲನ್ನು ಉಳುಕಿಸಿಕೊಂಡಳು. ಆದರೂ ಹಿಂಜರಿಯದೆ, ಆ ಕಾಲಿನಿಂದಲೇ ಕಾಂಗೋ ದೇಶದ ವಿರುಂಗ ಪರ್ವತಗಳನ್ನೇರಿ ಗೊರಿಲ್ಲಗಳನ್ನು ಮೊದಲ ಬಾರಿಗೆ ನೋಡಿದಳು. ಆ ನೋಟ ಆಕೆಯನ್ನು ಮತ್ತೆ ಬಿಡಲಿಲ್ಲ.

ಮೂರು ವರ್ಷಗಳ ತರುವಾಯ ಲೀಕಿಯವರು ಲೂಯಿವಿಲ್ ನಗರಕ್ಕೆ ಉಪನ್ಯಾಸಕ್ಕಾಗಿ ಬಂದರು. ಗೊರಿಲ್ಲಗಳ ಅಭ್ಯಾಸಕ್ಕೆ ಬಹುಕಾಲ ಬೆಟ್ಟದ ಮೇಲೆ ನಿಲ್ಲಬಲ್ಲವರೊಬ್ಬರು ಅವರಿಗೆ ಬೇಕಾಗಿದ್ದರು. ವೈದ್ಯರಿಲ್ಲದ ಕಾಡಿಗೆ ಹೋಗುವ ಮುನ್ನ ಕರುಳಬಾಲವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಳ್ಳುವುದು ಒಳಿತೆಂದು ಅವರು ಸೂಚಿಸಿದರು. ಡಯಾನ್ ಮರುಮಾತಿಲ್ಲದೆ ತೆಗೆಸಿಕೊಂಡಳು. ಅನಂತರ ಲೀಕಿಯವರಿಂದ ಕಾಗದ ಬಂದಿತು. ಅದರ ಅವಶ್ಯಕತೆಯೇನೂ ಇರಲಿಲ್ಲವೆಂದೂ, ಆಕೆಯ ದೃಢತೆಯನ್ನು ಪರೀಕ್ಷಿಸಲು ಹಾಗೆ ಸೂಚಿಸಿದ್ದೆಂದೂ ಅದರಲ್ಲಿತ್ತು!

1967ರ ಜನವರಿಯಲ್ಲಿ ಆಕೆ ಕಾಂಗೋದ ಕಬಾರ ಎಂಬಲ್ಲಿ ಡೇರೆಯನ್ನು ಹಾಕಿದಳು. ಆರು ತಿಂಗಳಾಗುವಷ್ಟರಲ್ಲಿ ಆ ದೇಶದಲ್ಲಿ ದಂಗೆಯೆದ್ದು, ಸೈನಿಕರು ಆಕೆಯನ್ನು ಬೆಟ್ಟದಿಂದಿಳಿಸಿ ತಮ್ಮ ವಶದಲ್ಲಿಟ್ಟುಕೊಂಡರು. ಹೇಗೋ ತಪ್ಪಿಸಿಕೊಂಡು ಉಗಾಂಡಕ್ಕೆ ಬಂದ ಆಕೆ ಊರಿಗೆ ಹಿಂದಿರುಗಲಿಲ್ಲ. ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಾದ ರುವಾಂಡ ದೇಶಕ್ಕೆ ಹೋಗಿ, ಆ ವರ್ಷದ ಸೆಪ್ಟೆಂಬರ್ 24ರಂದು ಕರಿಸಿಂಬಿ ಮತ್ತು ವಿಸೋಕೆ ಎಂಬ ಎರಡು ಶಿಖರಗಳ ನಡುವೆ, ಸಮುದ್ರಮಟ್ಟಕ್ಕಿಂತ ಸುಮಾರು 3,000 ಮೀಟರ್ ಎತ್ತರದಲ್ಲಿ, ಹೊಸ ಬೀಡನ್ನು ಹೂಡಿದಳು. ಎರಡು ಶಿಖರಗಳ ಹೆಸರನ್ನೂ ಕೂಡಿಸಿ ಅದಕ್ಕೆ ಕರಿಸೋಕೆ ಎಂದು ನಾಮಕರಣ ಮಾಡಿದಳು.

ಅಲ್ಲಿಯ ದಿನಚರಿ ಸುಲಭದ್ದಾಗಿರಲಿಲ್ಲ. ಮೊದಲು ಡೇರೆ, ಬಳಿಕ ತಗಡಿನ ಗುಡಿಸಲು. ಮಳೆ, ಮಂಜು, ಕೆಸರು, ಮೈ ಉರಿಸುವ ತುರಚಿಗಿಡಗಳ ಪೊದೆ. ಬೆಳಗಾದೊಡನೆ ಹೆಜ್ಜೆಯ ಜಾಡನ್ನು ಬಲ್ಲ ಸ್ಥಳೀಯ ಮಾರ್ಗದರ್ಶಿಗಳೊಡನೆ ಹೊರಟು, ಹಿಂಡು ರಾತ್ರಿ ಮಲಗಿದ ಎಲೆಯ ಹಾಸಿಗೆಗಳನ್ನು ಹುಡುಕಿ, ಅಲ್ಲಿಂದ ಮುಂದಿನ ಜಾಡನ್ನು ಹಿಡಿಯಬೇಕು. ಸಂಜೆ ಹಿಂದಿರುಗಿ ಕಂದೀಲಿನ ಬೆಳಕಿನಲ್ಲಿ ಕಂಡುದೆಲ್ಲವನ್ನೂ ಬರೆದಿಡಬೇಕು. ಅಮೆರಿಕಾ ಯೂರೋಪುಗಳಿಂದ ಯುವಕ ಯುವತಿಯರು ಸಹಾಯಕ್ಕೆಂದು ಬರುತ್ತಿದ್ದರು. ಗೊರಿಲ್ಲಗಳ ಗಣತಿಗಾಗಿ ಬೆಟ್ಟಬೆಟ್ಟವನ್ನು ಸುತ್ತುತ್ತಿದ್ದರು. ಚಳಿಯನ್ನೂ ಏಕಾಂತವನ್ನೂ ತಾಳಲಾರದೆ ಬೇಗನೆ ಇಳಿದು ಹೋದವರೂ ಉಂಟು. ಪ್ರಾಣಿಸೇವೆಯೆಂದರೆ ಮರಿಗಳನ್ನು ಮುದ್ದಿಸುವುದಷ್ಟೇ ಎಂದು ಬಗೆದವರಿಗೆ ಕರಿಸೋಕೆ ತಕ್ಕ ಸ್ಥಳವಾಗಿರಲಿಲ್ಲ.

ಆ ಕಾಲದಲ್ಲಿ ಗೊರಿಲ್ಲವೆಂದರೆ ಜನರಿಗೆ ರಾಕ್ಷಸನೆಂಬ ಭಾವನೆ. 1933ರ ಕಿಂಗ್ ಕಾಂಗ್ ಚಲಚ್ಚಿತ್ರ ಆ ಭಯವನ್ನು ಬೆಳೆಸಿತ್ತು. ನಿಜವಾಗಿ ಬೆಟ್ಟದ ಗೊರಿಲ್ಲವು ಎಲೆ, ದಂಟು, ಬಿದಿರಿನ ಮೊಳಕೆಗಳನ್ನು ತಿಂದು ಬದುಕುವ ಸಾಧುಪ್ರಾಣಿ. ಬೆನ್ನಿನ ಕೂದಲು ಬೆಳ್ಳಿಯ ಬಣ್ಣಕ್ಕೆ ತಿರುಗಿದ ಹಿರಿಯ ಗಂಡು ಕುಟುಂಬದ ಯಜಮಾನ. ಅವನು ಎದೆ ಬಡಿದುಕೊಂಡು ಅಬ್ಬರಿಸುವುದು ಬಹುಮಟ್ಟಿಗೆ ತನ್ನವರನ್ನು ಕಾಯುವುದಕ್ಕಾಗಿ. ಡಯಾನ್ ಅವುಗಳೆದುರು ನೆಟ್ಟಗೆ ನಿಲ್ಲದೆ, ಬೆರಳಗೆಣ್ಣುಗಳನ್ನೂರಿ ಅವುಗಳಂತೆಯೇ ನಡೆದಳು. ಅವು ತಿನ್ನುವ ದಂಟನ್ನು ತಾನೂ ಅಗಿದಳು. ತೃಪ್ತಿಯಾದಾಗ ಅವು ಹೊರಡಿಸುವ ತೇಗಿನಂತಹ ಸದ್ದನ್ನು ಕಲಿತು ಅನುಕರಿಸಿದಳು. ಮೂಗಿನ ಮೇಲಣ ಗೆರೆಗಳಿಂದ ಪ್ರತಿಯೊಂದನ್ನೂ ಗುರುತಿಸಿ ಹೆಸರಿಟ್ಟಳು. ಮೂರನೆಯ ವರ್ಷ, ಅಂದರೆ 1970ರಲ್ಲಿ, ಪೀನಟ್ಸ್ ಎಂಬ ಗಂಡು ಗೊರಿಲ್ಲವು ತಾನಾಗಿ ಕೈಚಾಚಿ ಆಕೆಯ ಕೈಬೆರಳನ್ನು ಮುಟ್ಟಿತು. ಬಲೆಯನ್ನು ಒಡ್ಡದೆ, ತಿನಿಸಿನ ಆಸೆಯನ್ನು ತೋರದೆ ಪಡೆದ ಸ್ನೇಹವದು.

ಇದಕ್ಕೆ ಒಂದು ವರ್ಷ ಮೊದಲು ನಡೆದ ಸಂಗತಿಯೇ ಆಕೆಯ ಬಾಳಿನಲ್ಲಿ ಅತ್ಯಂತ ಕಠಿಣವಾದ ಪರೀಕ್ಷೆಯೆಂದು ನಮ್ಮ ಭಾವನೆ. 1969ರಲ್ಲಿ ಜರ್ಮನಿಯ ಕೊಲೋನ್ ನಗರದ ಮೃಗಾಲಯಕ್ಕಾಗಿ ಉದ್ಯಾನದ ಅಧಿಕಾರಿಯೊಬ್ಬನ ಏರ್ಪಾಡಿನಂತೆ ಎರಡು ಗೊರಿಲ್ಲ ಮರಿಗಳನ್ನು ಹಿಡಿಯಲಾಯಿತು. ಗೊರಿಲ್ಲಗಳು ಮರಿಯನ್ನು ಸುಮ್ಮನೆ ಒಪ್ಪಿಸುವುದಿಲ್ಲ. ಕುಟುಂಬವೆಲ್ಲ ಅಡ್ಡ ನಿಂತು ಹೋರಾಡುತ್ತದೆ. ಒಂದು ಮರಿಗಾಗಿ ಹತ್ತು, ಇನ್ನೊಂದಕ್ಕಾಗಿ ಎಂಟು ಗೊರಿಲ್ಲಗಳು ಸತ್ತವೆಂದು ಡಯಾನ್ ತಿಳಿದುಕೊಂಡಳು. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಬಂದಿಯಾಗಿ, ಗಾಯಗೊಂಡು ಸಾಯುವ ಸ್ಥಿತಿಯಲ್ಲಿದ್ದ ಆ ಮರಿಗಳನ್ನು ಆಕೆ ತನ್ನ ಗುಡಿಸಲಿಗೆ ತಂದಳು. ಕೋಕೋ ಮತ್ತು ಪಕ್ಕರ್ ಎಂದು ಹೆಸರಿಟ್ಟಳು. ಒಂದು ಕೋಣೆಯನ್ನು ಸೊಪ್ಪುಸದೆಗಳಿಂದ ತುಂಬಿ ಕಾಡಿನಂತೆ ಮಾಡಿದಳು. ಹಾಲಿನಲ್ಲಿ ಔಷಧವನ್ನು ಬೆರೆಸಿ ಕುಡಿಸುವುದು, ರಾತ್ರಿ ಬಳಿಯಲ್ಲಿ ಮಲಗಿಸಿಕೊಳ್ಳುವುದು, ಕೊಳೆಯನ್ನು ತೊಳೆಯುವುದು, ಬಲ ಬಂದ ಮೇಲೆ ಕಾಡಿನಲ್ಲಿ ತಿರುಗಾಡಿಸುವುದು, ಇದೇ ದಿನವಿಡೀ ಕೆಲಸವಾಯಿತು. ಬಂದ ಹೊಸದರಲ್ಲಿ ಕೋಕೋ ಕಿಟಕಿಯನ್ನೇರಿ, ದೂರದ ಬೆಟ್ಟದ ಇಳಿಜಾರನ್ನು ನೋಡಿ ಬಿಕ್ಕಿಬಿಕ್ಕಿ ಅತ್ತಿತಂತೆ. ಗೊರಿಲ್ಲದ ಕಣ್ಣಿನಲ್ಲಿ ನೀರನ್ನು ತಾನು ಕಂಡುದು ಅದೊಂದೇ ಸಲವೆಂದು ಡಯಾನ್ ಬರೆದಿಟ್ಟಿದ್ದಾಳೆ.

ಎರಡು ತಿಂಗಳಾಗುವಷ್ಟರಲ್ಲಿ ಮರಿಗಳು ಚೇತರಿಸಿಕೊಂಡವು. ಅವನ್ನು ಕಾಡಿನ ಒಂದು ಹಿಂಡಿಗೆ ಸೇರಿಸಬೇಕೆಂದು ಆಕೆಯ ಆಸೆ. ಆದರೆ ಅವನ್ನು ಒಪ್ಪಿಸದಿದ್ದರೆ ಬೇರೆ ಮರಿಗಳನ್ನು ಹಿಡಿಸುವುದಾಗಿ ಬೆದರಿಕೆ ಬಂದಿತು. ಈ ಎರಡನ್ನು ಉಳಿಸಿಕೊಂಡರೆ ಇನ್ನೆಷ್ಟು ಗೊರಿಲ್ಲಗಳ ಸಾವೋ! ಒಪ್ಪಿಸಿದರೆ, ತನ್ನನ್ನು ತಾಯಿಯೆಂದು ನಂಬಿದ ಜೀವಗಳಿಗೆ ಪಂಜರದ ಬಾಳು. ಯಾವ ಹಾದಿಯಲ್ಲಿಯೂ ನೆಮ್ಮದಿಯಿಲ್ಲ. ಆಕೆ ಒಪ್ಪಿಸಿದಳು. ಮರಿಗಳು ಕೊಲೋನಿನಲ್ಲಿ ಸುಮಾರು ಒಂಬತ್ತು ವರ್ಷ ಬದುಕಿ, 1978ರಲ್ಲಿ ಒಂದು ತಿಂಗಳ ಅಂತರದಲ್ಲಿ ಒಂದಾದ ಮೇಲೊಂದು ಸತ್ತವು.

ಅಷ್ಟರಲ್ಲಿ ಇನ್ನೊಂದು ಆಘಾತವಾಗಿತ್ತು. ಡಿಜಿಟ್ ಎಂಬ ಗೊರಿಲ್ಲವನ್ನು ಆಕೆ ಮರಿಯಾಗಿದ್ದಾಗಿನಿಂದ ಬಲ್ಲಳು. 1977ರ ಡಿಸೆಂಬರ್ 31ರಂದು ಕಳ್ಳಬೇಟೆಗಾರರು ಹಿಂಡಿನ ಮೇಲೆ ಬಿದ್ದಾಗ ಡಿಜಿಟ್ ಎದುರು ನಿಂತು ಹೋರಾಡಿ, ತನ್ನವರು ಪಾರಾಗುವಂತೆ ಮಾಡಿ, ಐದು ಈಟಿಗಳ ಇರಿತಕ್ಕೆ ಬಲಿಯಾಯಿತು. ಅದರ ತಲೆಯನ್ನೂ ಕೈಗಳನ್ನೂ ಮಾರಾಟಕ್ಕಾಗಿ ಕಡಿದೊಯ್ದಿದ್ದರು. ಡಯಾನ್ ಅದನ್ನು ಗುಡಿಸಲಿನ ಬಳಿಯಲ್ಲಿಯೇ ಹೂಳಿಸಿದಳು. ಅದರ ಹೆಸರಿನಲ್ಲಿ ಒಂದು ನಿಧಿಯನ್ನು ಸ್ಥಾಪಿಸಿ, ಆ ಹಣದಿಂದ ಕಾವಲುಗಾರರನ್ನು ನೇಮಿಸಿ, ಕಾಡಿನಲ್ಲಿ ಒಡ್ಡಿದ್ದ ಉರುಲುಗಳನ್ನು ಕೀಳಿಸಿದಳು.

ಇಲ್ಲಿ ಸತ್ಯವನ್ನು ಮರೆಮಾಡುವುದು ಸರಿಯಲ್ಲ. ದುಃಖವು ಆಕೆಯನ್ನು ಕಠಿಣಳನ್ನಾಗಿ ಮಾಡಿತು. ಸಿಕ್ಕಿಬಿದ್ದ ಬೇಟೆಗಾರರನ್ನು ಆಕೆ ಅವಮಾನಿಸಿದಳು, ಅವರ ವಸ್ತುಗಳನ್ನು ಸುಡಿಸಿದಳು. ಬೆಟ್ಟದ ತಪ್ಪಲಿನ ಬಡಜನರ ಹಸಿವನ್ನೂ ಹೊಲದ ಅಭಾವವನ್ನೂ ಆಕೆ ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂದು ಆಕೆಯನ್ನು ಮೆಚ್ಚಿದವರೂ ಹೇಳುತ್ತಾರೆ. ಪ್ರಾಣಿಗಳ ಮೇಲಣ ಪ್ರೀತಿ ಮನುಷ್ಯರ ಮೇಲಣ ದ್ವೇಷವಾಗಿ ಪರಿಣಮಿಸಬಾರದೆಂಬ ಪಾಠವನ್ನೂ ನಾವು ಈ ಜೀವನದಿಂದಲೇ ಕಲಿಯತಕ್ಕದ್ದು.

1980ರಲ್ಲಿ ಆಕೆ ಅಮೆರಿಕಾಕ್ಕೆ ಹೋಗಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ ತನ್ನ ಅನುಭವಗಳನ್ನು ಬರೆದಳು. 1983ರಲ್ಲಿ ಪ್ರಕಟವಾದ ಆ ಗ್ರಂಥವು ಆಕೆಯ ಕೀರ್ತಿಯನ್ನು ಲೋಕದಲ್ಲೆಲ್ಲ ಹರಡಿತು. ಕೀರ್ತಿ ಬಂದರೂ ಮನಸ್ಸು ಬೆಟ್ಟದಲ್ಲಿಯೇ ಇತ್ತು, ಹಿಂದಿರುಗಿ ಬಂದಳು. 1985ರ ಡಿಸೆಂಬರ್ ಕೊನೆಯ ವಾರದಲ್ಲಿ, ಒಂದು ರಾತ್ರಿ, ಆಕೆಯನ್ನು ಗುಡಿಸಲಿನಲ್ಲಿಯೇ ಯಾರೋ ಕೊಂದರು. ಆಗ ಆಕೆಗೆ 53 ವರ್ಷ. ರುವಾಂಡದ ನ್ಯಾಯಾಲಯ ಒಬ್ಬನನ್ನು ಅಪರಾಧಿಯೆಂದು ತೀರ್ಮಾನಿಸಿದರೂ ಆ ತೀರ್ಪನ್ನು ಅನೇಕರು ಒಪ್ಪಲಿಲ್ಲ. ತಾನೇ ಮಾಡಿಸಿದ್ದ ಗೊರಿಲ್ಲಗಳ ರುದ್ರಭೂಮಿಯಲ್ಲಿ, ಡಿಜಿಟ್‌ನ ಸಮಾಧಿಯ ಮಗ್ಗುಲಲ್ಲಿಯೇ ಆಕೆಗೂ ಸಮಾಧಿಯಾಯಿತು.

ಆಕೆಯ ಕೆಲಸವು ವ್ಯರ್ಥವಾಯಿತೇ? ಇಲ್ಲ. 1980ರ ದಶಕದ ಆರಂಭದಲ್ಲಿ ವಿರುಂಗ ಬೆಟ್ಟಗಳಲ್ಲಿ ಸುಮಾರು 250 ಗೊರಿಲ್ಲಗಳು ಮಾತ್ರ ಉಳಿದಿದ್ದವು. 2015-16ರ ಗಣತಿಯಲ್ಲಿ ಅವು 604 ಆಗಿದ್ದವು. 1994ರ ರುವಾಂಡದ ಘೋರ ನರಮೇಧದ ಕಾಲದಲ್ಲಿ ಕರಿಸೋಕೆ ಹಾಳಾಯಿತು. ಆದರೆ ಕೆಲಸ ನಿಲ್ಲಲಿಲ್ಲ. ಡಿಜಿಟ್‌ನ ನಿಧಿಯು ಈಗ ಡಯಾನ್ ಫಾಸಿಯ ಹೆಸರನ್ನು ಹೊತ್ತಿದೆ. ಅದರ ಜಾಡುಗಾರರೂ ಸಂಶೋಧಕರೂ ಬಹುಮಂದಿ ಆ ನಾಡಿನವರೇ. ಪೂರ್ವ ಕಾಂಗೋದಲ್ಲಿ ತಬ್ಬಲಿ ಗೊರಿಲ್ಲ ಮರಿಗಳಿಗಾಗಿ ಆಶ್ರಯಧಾಮವೂ ಇದೆ. ಸುತ್ತಣ ಹಳ್ಳಿಯ ಪೋಷಕರು ಅಲ್ಲಿ ಮರಿಗಳನ್ನು ಸಾಕಿ, ಹಿರಿಯ ಗೊರಿಲ್ಲಗಳ ಜೊತೆಗೂಡಿಸಿ, ಬೇಲಿಯೊಳಗಣ ಕಾಡಿನಲ್ಲಿ ಬಾಳಲು ಕಲಿಸುತ್ತಾರೆ. ಕೋಕೋ ಪಕ್ಕರ್‌ಗಳಿಗೆ ದೊರೆಯದ ಭಾಗ್ಯ ಇಂದಿನ ಮರಿಗಳಿಗೆ ದೊರೆಯುತ್ತಿದೆ.

ಬಾಲಮಿತ್ರರೇ, ನಾವೆಲ್ಲರೂ ಆಫ್ರಿಕಾಕ್ಕೆ ಹೋಗಬೇಕಾದುದಿಲ್ಲ. ಕಾಡೊಂದು ನಮ್ಮ ಶಾಲೆಯಿರುವ ಊರಿನ ಅಂಚಿನಲ್ಲಿಯೇ ಇದೆ. ಅಲ್ಲಿಗೆ ಹೋದಾಗ ಮಂಗಗಳಿಗೆ ತಿನಿಸನ್ನು ಎಸೆಯದಿರೋಣ. ನಮ್ಮ ಕೈತಿನಿಸಿಗೆ ಒಗ್ಗಿದ ಮಂಗ ಕಾಡಿನ ಹಣ್ಣನ್ನು ಮರೆತು ರಸ್ತೆಗಿಳಿಯುತ್ತದೆ, ಬಯ್ಗುಳನ್ನೂ ಪೆಟ್ಟನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ ಚೀಲಗಳನ್ನು ಹಿಂದಕ್ಕೆ ತರೋಣ. ಗಾಯಗೊಂಡ ಪ್ರಾಣಿಯನ್ನು ಕಂಡರೆ ಮುಟ್ಟಲು ಹೋಗದೆ, ಹಿರಿಯರ ಮೂಲಕ ಅರಣ್ಯ ಇಲಾಖೆಗೆ ತಿಳಿಸೋಣ. ಇನ್ನೊಮ್ಮೆ ಕಾನ್ಹೇರಿಯ ಮೆಟ್ಟಿಲುಗಳನ್ನೇರುವಾಗ ಒಂದು ಗಳಿಗೆ ಸದ್ದಿಲ್ಲದೆ ಕುಳಿತು ನೋಡೋಣ. ಆ ತಾಯಿಮಂಗವು ಕಲ್ಲನ್ನು ಕಾಣದೆ, ಓಡದೆ, ನಮ್ಮೆದುರೇ ಮರಿಯ ತಲೆಯನ್ನು ನೇವರಿಸುತ್ತ ಕುಳಿತರೆ, ಡಯಾನ್ ಫಾಸಿಯ ಶಾಲೆಯ ಮೊದಲನೆಯ ಪಾಠವನ್ನು ನಾವೂ ಕಲಿತಂತಾಯಿತು.