ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮನವರು

ನವರಾತ್ರಿಯು ವಿದ್ಯೆಯನ್ನೂ ಶಕ್ತಿಯನ್ನೂ ಸ್ತ್ರೀರೂಪದಲ್ಲಿ ಆರಾಧಿಸುವ ಪುಣ್ಯಕಾಲ. ಈ ಶುಭಸಂದರ್ಭದಲ್ಲಿ, ಕನ್ನಡ ನಾಡಿನಲ್ಲಿ ಜನಿಸಿ, ಮದರಾಸಿನಲ್ಲಿ ಕೀರ್ತಿಯನ್ನು ಗಳಿಸಿ, ಕಾವೇರಿಯ ತೀರದ ತಿರುವಯ್ಯಾರಿನಲ್ಲಿ ದೇಹವಿಟ್ಟ ಸಾಧ್ವಿಯೊಬ್ಬರನ್ನು ಸ್ಮರಿಸುವುದು ಉಚಿತವಾಗಿದೆ. ಅವರೇ ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮನವರು.

ನಾಗರತ್ನಮ್ಮನವರು ಜನಿಸಿದ್ದು 1878ರ ನವೆಂಬರ್ 3ರಂದು, ಕಪಿಲಾ ತೀರದ ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಕುಲದವರು. ತಂದೆ ಸುಬ್ಬರಾಯರು ವಕೀಲರು. ತಂದೆಯ ಆಶ್ರಯ ಬಹುಕಾಲ ಉಳಿಯಲಿಲ್ಲ. ಹಸುಳೆಯನ್ನು ಕಟ್ಟಿಕೊಂಡು ತಾಯಿ ಮೈಸೂರನ್ನು ಸೇರಿದರು. ಅಲ್ಲಿ ಗಿರಿಭಟ್ಟ ತಿಮ್ಮಯ್ಯನವರೆಂಬ ಪಂಡಿತರಿಂದ ಬಾಲಕಿಗೆ ಸಂಸ್ಕೃತಪಾಠವಾಯಿತು. ಆ ಆಸರೆಯೂ ತಪ್ಪಿದಾಗ ತಾಯಿ ಎದೆಗುಂದಲಿಲ್ಲ. ಮಗಳನ್ನು ವಿದುಷಿಯನ್ನಾಗಿ ಮಾಡಿಯೇ ತೀರಬೇಕೆಂಬ ಛಲವೊಂದೇ ಆಕೆಯ ಆಸ್ತಿಯಾಗಿತ್ತು. ಕನ್ನಡ, ತೆಲುಗು, ಸಂಸ್ಕೃತಗಳ ಜೊತೆಗೆ ಸಂಗೀತ, ನೃತ್ಯಗಳ ಶಿಕ್ಷಣವನ್ನೂ ಆಕೆ ಮಗಳಿಗೆ ಕೊಡಿಸಿದರು.

ಸಂಗೀತದಲ್ಲಿ ಅವರಿಗೆ ದೊರೆತ ಗುರುಗಳು ಬೆಂಗಳೂರಿನ ಮುನಿಸ್ವಾಮಪ್ಪನವರು. ಇವರು ಶ್ರೀ ತ್ಯಾಗರಾಜಸ್ವಾಮಿಗಳ ಸಾಕ್ಷಾತ್ ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರ ಪರಂಪರೆಗೆ ಸೇರಿದವರು. ಹೀಗಾಗಿ ತ್ಯಾಗರಾಜರ ಕೃತಿಗಳು ಎಳೆಯ ವಯಸ್ಸಿನಲ್ಲಿಯೇ ಶಿಷ್ಯೆಯ ಕಂಠವನ್ನು ಸೇರಿದವು. ಚಾಮರಾಜ ಒಡೆಯರ ಕಾಲದ ಮೈಸೂರು ಆಸ್ಥಾನದ ಮನ್ನಣೆ ಹದಿಹರೆಯದಲ್ಲಿಯೇ ಲಭಿಸಿತು. ಮುಂದೆ ಅವರು ಮದರಾಸಿಗೆ ತೆರಳಿದರು. ಅಲ್ಲಿ ವೀಣಾ ಧನಮ್ಮಾಳರಂತಹವರ ಸ್ನೇಹ, ರಸಿಕರ ಆದರ, ಕಛೇರಿಗಳ ಮೇಲೆ ಕಛೇರಿ, ಸಂಪತ್ತು, ಆಭರಣ ಎಲ್ಲವೂ ಒದಗಿ ಬಂದವು. ಪರನಾಡಿನಲ್ಲಿ ಇಷ್ಟು ಪ್ರಸಿದ್ಧಿ ಬಂದರೂ ಅವರ ಹೆಸರಿನ ಮುಂದಿನ ಬೆಂಗಳೂರು ಮಾತ್ರ ಕಡೆಯವರೆಗೂ ಹಾಗೆಯೇ ಉಳಿಯಿತು.

ಅವರು ಕೇವಲ ಗಾಯಕಿಯಾಗಿರಲಿಲ್ಲ. ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ರಾಧಿಕಾ ಸಾಂತ್ವನವನ್ನು ಪರಿಷ್ಕರಿಸಿ 1910ರಲ್ಲಿ ಪ್ರಕಟಿಸಿದರು. ಕಾವ್ಯದ ಶೃಂಗಾರವು ಅಸಭ್ಯವೆಂದು ಕೆಲವು ದೊಡ್ಡವರು ಆಕ್ಷೇಪಿಸಿದಾಗ, ಪುರುಷ ಕವಿಗಳಿಗೆ ಸಲ್ಲುವ ನ್ಯಾಯವು ಸ್ತ್ರೀಗೇಕೆ ಸಲ್ಲದೆಂದು ಅವರು ಪ್ರಶ್ನಿಸಿದರು. ಸರ್ಕಾರವು ಗ್ರಂಥವನ್ನು ನಿಷೇಧಿಸಿತು. ಆ ನಿಷೇಧವು ತೆರವಾಗಲು ಟಂಗುಟೂರಿ ಪ್ರಕಾಶಂ ಅವರ ಅಧಿಕಾರದ ದಿನಗಳೇ ಬರಬೇಕಾಯಿತು.

ಅವರ ಬಾಳು ಹೊಸ ತಿರುವನ್ನು ಕಂಡದ್ದು 1921ರಲ್ಲಿ. ತ್ಯಾಗರಾಜಸ್ವಾಮಿಗಳು 1847ರ ಜನವರಿ 6ರಂದು, ಪುಷ್ಯ ಬಹುಳ ಪಂಚಮಿಯ ದಿನ, ಸಂನ್ಯಾಸವನ್ನು ಸ್ವೀಕರಿಸಿದ ಮರುದಿನವೇ ನಾದಬ್ರಹ್ಮದಲ್ಲಿ ಲೀನರಾಗಿದ್ದರು. ಶಿಷ್ಯರು ಎತ್ತಿದ್ದ ಸಣ್ಣ ಬೃಂದಾವನವು ಕಾಲಕ್ರಮದಲ್ಲಿ ಪಾಳುಬಿದ್ದಿತ್ತು. 1903ರಲ್ಲಿ ಉಮಯಾಳ್‌ಪುರದ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು ಅದನ್ನು ದುರಸ್ತಿಗೊಳಿಸಿದ್ದರೂ ಮತ್ತೆ ಪೊದೆ ಮುಳ್ಳುಗಳೇ ಅಲ್ಲಿ ಮನೆಮಾಡಿದ್ದವು. ಈ ದುಃಸ್ಥಿತಿಯನ್ನು ಕಂಡು ಮರುಗಿದ ಮೈಸೂರಿನ ವಿದ್ವಾನ್ ಬಿಡಾರಂ ಕೃಷ್ಣಪ್ಪನವರು ನಾಗರತ್ನಮ್ಮನವರಿಗೆ ಪತ್ರ ಬರೆದರು. ಯಾರ ಕೃತಿಗಳಿಂದ ತಮಗೆ ಅನ್ನವೂ ಕೀರ್ತಿಯೂ ಒದಗಿದ್ದವೋ ಆ ಮಹಾತ್ಮರು ಮಲಗಿದ ನೆಲಕ್ಕೆ ದೀಪವಿಲ್ಲವೆಂಬುದು ಆ ತಾಯಿಯ ಹೃದಯವನ್ನು ಕಲಕಿತು.

ಅವರು ತಡಮಾಡಲಿಲ್ಲ. ಸಮಾಧಿಯ ಸುತ್ತಣ ಜಾಗವನ್ನು ದೊರಕಿಸಿದರು, ಒಡವೆಗಳನ್ನು ಮಾರಿದರು, ಹಾಡಿ ಗಳಿಸಿದ್ದನ್ನೆಲ್ಲ ಸುರಿದರು. ಸದ್ಗುರುವಿನ ಶಿಲಾಮೂರ್ತಿಯನ್ನು ಕಡೆಸಿ ಗುಡಿಯನ್ನು ಕಟ್ಟಿಸಿದರು. 1926ರ ಜನವರಿಯಲ್ಲಿ ಕುಂಭಾಭಿಷೇಕವು ನೆರವೇರಿತು. ನಿತ್ಯಪೂಜೆಗೆ ಏರ್ಪಾಡಾಯಿತು. ಪೂಜೆಗೆಂದು ತ್ಯಾಗರಾಜರ ಅಷ್ಟೋತ್ತರ ನಾಮಾವಳಿಯನ್ನು ಸಂಸ್ಕೃತದಲ್ಲಿ ಅವರೇ ರಚಿಸಿದರು.

ಆದರೆ ವಿಧಿಯ ವಿಡಂಬನೆಯನ್ನು ನೋಡಿರಿ. ಆ ಕಾಲದಲ್ಲಿ ಆರಾಧನೆಯನ್ನು ನಡೆಸುತ್ತಿದ್ದವರು ವಿದ್ವಾಂಸರ ಎರಡು ಪಕ್ಷಗಳು. ಆ ಪಕ್ಷಗಳ ನಡುವೆ ಒಮ್ಮತವಿರಲಿಲ್ಲ. ಸ್ತ್ರೀಯರು ಅಲ್ಲಿ ಹಾಡಕೂಡದೆಂಬ ಒಂದು ವಿಷಯದಲ್ಲಿ ಮಾತ್ರ ಭಿನ್ನಮತವಿರಲಿಲ್ಲ. ಗುಡಿಯನ್ನು ಕಟ್ಟಿಸಿದ ಕೈಗೆ ಅಲ್ಲಿ ತಂಬೂರಿಯನ್ನು ಹಿಡಿಯುವ ಹಕ್ಕಿರಲಿಲ್ಲ. ಬೇರೊಬ್ಬರಾಗಿದ್ದರೆ ನೊಂದು ಹಿಂದಿರುಗುತ್ತಿದ್ದರು, ಇಲ್ಲವೆ ಗುಡಿಗೆ ಬೀಗವಿಕ್ಕುತ್ತಿದ್ದರು. ನಾಗರತ್ನಮ್ಮನವರು ಎರಡನ್ನೂ ಮಾಡಲಿಲ್ಲ. ಸ್ತ್ರೀಯರದೇ ಮೂರನೆಯ ಪಕ್ಷವೊಂದನ್ನು ಕಟ್ಟಿ, ಗುಡಿಯ ಹಿಂಭಾಗದಲ್ಲಿ ತಮ್ಮ ಸಂಗೀತಸೇವೆಯನ್ನು ಪ್ರಾರಂಭಿಸಿದರು. ಮುಂದೆ ಕುಳಿತವರ ಗಾನವೂ ಹಿಂದೆ ಕುಳಿತವರ ಗಾನವೂ ಒಬ್ಬನೇ ಗುರುವಿಗೆ ಸಲ್ಲುತ್ತಿದ್ದವು.

ಕಾಲವು ನಿಧಾನವಾಗಿ ಅವರ ಕಡೆಗೆ ತಿರುಗಿತು. 1940ರ ಸುಮಾರಿನಲ್ಲಿ ಎಸ್. ವೈ. ಕೃಷ್ಣಸ್ವಾಮಿ, ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮೊದಲಾದವರ ಪ್ರಯತ್ನದಿಂದ ಪಕ್ಷಗಳು ಒಂದಾದವು. ಸ್ತ್ರೀಯರಿಗೂ ಸನ್ನಿಧಿಯಲ್ಲಿ ಹಾಡುವ ಅವಕಾಶ ದೊರೆಯಿತು. ಪಂಚರತ್ನ ಕೃತಿಗಳನ್ನು ವಿದ್ವಾಂಸರೆಲ್ಲರೂ ಕೂಡಿ ಹಾಡುವ ಪದ್ಧತಿಯೂ ಆ ದಿನಗಳಲ್ಲಿಯೇ ನೆಲೆಗೊಂಡಿತು. ತಾವೇ ಗೆದ್ದೆವೆಂಬ ಭಾವ ಅವರಲ್ಲಿ ಮೂಡಲಿಲ್ಲ. ಗುರುವಿನ ಅಂಗಳವು ಒಂದಾಯಿತೆಂಬ ನೆಮ್ಮದಿಯೇ ಅವರ ಪಾಲಿಗೆ ಸಾಕಾಗಿತ್ತೆಂದು ಅವರ ಮುಂದಿನ ನಡತೆಯಿಂದ ತಿಳಿಯಬಹುದು.

ಕಡೆಯ ವರ್ಷಗಳನ್ನು ಅವರು ತಿರುವಯ್ಯಾರಿನಲ್ಲಿಯೇ, ಸದ್ಗುರುವಿನ ಸೇವೆಯಲ್ಲಿ ಕಳೆದರು. ತ್ಯಾಗಸೇವಾಸಕ್ತೆ ಎಂಬ ಬಿರುದು ಅವರಿಗೆ ಸಂದಿತ್ತು. 1949ರಲ್ಲಿ ಉಯಿಲನ್ನು ಬರೆದು ಉಳಿದ ಆಸ್ತಿಯನ್ನೂ ಸಮಾಧಿಯ ಸೇವೆಗೆ ಒಪ್ಪಿಸಿದರು. ಸನ್ನಿಧಿಯಲ್ಲಿ ಪೂಜಿಸಲು, ಹಾಡಲು ಸ್ತ್ರೀಯರಿಗೆ ಎಂದೂ ಅಡ್ಡಿಯಾಗಬಾರದೆಂಬುದನ್ನು ಅದರಲ್ಲಿ ಮರೆಯದೆ ಸೇರಿಸಿದರು. 1952ರ ಮೇ 19ರಂದು, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಅವರು ಕಣ್ಮುಚ್ಚಿದರು. ತ್ಯಾಗರಾಜರ ಸಮಾಧಿಯ ಸಮೀಪದಲ್ಲಿಯೇ ಅವರಿಗೂ ಸಮಾಧಿಯಾಯಿತು. ಅಲ್ಲಿರುವ ಅವರ ಶಿಲಾಮೂರ್ತಿಯು ಗುರುವಿನ ಸನ್ನಿಧಿಯತ್ತಲೇ ಮುಖಮಾಡಿದೆ.

ಸಂಗೀತಗಾರರ ಮರಣದೊಡನೆ ಅವರ ನಾದವು ಗಾಳಿಯಲ್ಲಿ ಕರಗುತ್ತದೆ. ನಾಗರತ್ನಮ್ಮನವರ ಕಛೇರಿಯನ್ನು ಕೇಳಿದ ಕಿವಿಗಳು ಇಂದು ವಿರಳ. ಆದರೆ ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯಂದು ಆ ಅಂಗಳದಲ್ಲಿ ಸ್ತ್ರೀಪುರುಷರ ನೂರಾರು ಕಂಠಗಳು ಒಂದಾಗಿ ಏಳುವಾಗ, ಅದರಲ್ಲಿ ನಂಜನಗೂಡಿನ ಆ ಬಾಲೆಯ ಪಾಲೂ ಇದೆ. ತೌರನ್ನು ಬಿಟ್ಟು ದೂರದ ಊರುಗಳಲ್ಲಿ ನೆಲೆಸಿರುವ ನಾವು ಅವರಿಂದ ಕಲಿಯಬೇಕಾದುದು ಬಹಳವಿದೆ. ತಾವು ಹೋದ ನಾಡಿನಿಂದ ಅವರು ಪಡೆದುದು ಹೇರಳ. ಆ ನಾಡಿಗೆ ಅವರು ಬಿಟ್ಟುಹೋದುದು ಅದಕ್ಕಿಂತಲೂ ಹಿರಿದು. ತ್ಯಾಗರಾಜರ ದರ್ಶನಕ್ಕೆಂದು ತಿರುವಯ್ಯಾರಿಗೆ ಹೋಗುವ ಕನ್ನಡಿಗರು ಎದುರಿನ ಆ ಮೂರ್ತಿಯ ಮುಂದೆಯೂ ಒಂದು ಹೂವನ್ನಿಟ್ಟು ಬರಲಿ. ಶ್ರೀ ಶಾರದಾಂಬೆಯು ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.