ಕಿರುಗಾಯದ ಮಹದುಪಕಾರ: ಡಾಕ್ಟರ್ ವಿಲಿಯಂ ಜಾನ್ ಲಿಟಲ್

ಪ್ರಾಣಕ್ಕೆ ಅಪಾಯವಿಲ್ಲದ ಅಂಗದೋಷಕ್ಕಾಗಿ ಶಸ್ತ್ರಕ್ಕೆ ಕಾಲೊಡ್ಡುವುದು ಉಚಿತವೇ? ಈ ಪ್ರಶ್ನೆಗೆ ತಮ್ಮ ದೇಹದಿಂದಲೇ ಉತ್ತರವಿತ್ತವರು ಡಾಕ್ಟರ್ ವಿಲಿಯಂ ಜಾನ್ ಲಿಟಲ್.

ಇವರು 1810ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಂದೆಯವರು ವಸತಿಗೃಹವೊಂದರ ಯಜಮಾನರು; ಹೋಟೆಲು ವೃತ್ತಿಯ ನಮ್ಮ ವಾಚಕರಿಗೆ ಇದು ಸಂತಸದ ಸಂಗತಿಯೇ ಸರಿ. ಎಳವೆಯಲ್ಲಿ ತಗಲಿದ ಪೋಲಿಯೋ ರೋಗದಿಂದ ಅವರ ಎಡಪಾದವು ಒಳಕ್ಕೆ ತಿರುಚಿ, ಹಿಮ್ಮಡಿ ಮೇಲೆದ್ದು, ಸೊಟ್ಟಪಾದವಾಯಿತು. ಸಹಪಾಠಿಗಳ ಪರಿಹಾಸ್ಯವನ್ನು ಸಹಿಸಿ ಬೆಳೆದ ಅವರು ವೈದ್ಯವಿದ್ಯೆಯನ್ನು ಕೈಗೊಂಡರು.

ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು ಬಿಗಿದಿರುವವರೆಗೆ ಇಂಥ ಪಾದವು ನೆಲಕ್ಕೆ ಸಮನಾಗಿ ಇಳಿಯದು. ಫ್ರಾನ್ಸಿನ ಡೆಲ್ಪೆಷ್ ಎಂಬ ಶಸ್ತ್ರವೈದ್ಯರು 1816ರಲ್ಲಿ ಅದನ್ನು ಕತ್ತರಿಸಿದ್ದರು. ಆದರೆ ಗಾಯವು ಕೀವುಗೂಡಿ ಮಾಯಲು ತಡವಾಯಿತು. ಮೈಮರೆಸುವ ಈಥರ್ 1846ರವರೆಗೂ, ಲಿಸ್ಟರ್‌ರವರ ಕ್ರಿಮಿನಾಶಕ ವಿಧಾನವು 1867ರವರೆಗೂ ಬಂದಿರಲಿಲ್ಲ. ದೊಡ್ಡ ಗಾಯವೆಂದರೆ ಮೃತ್ಯುವಿಗೆ ತೆರೆದ ಬಾಗಿಲೇ ಆಗಿದ್ದ ಕಾಲವದು. ಲಂಡನ್ನಿನ ಹಿರಿಯ ವೈದ್ಯರು ಲಿಟಲ್‌ರವರಿಗೆ ಶಸ್ತ್ರಚಿಕಿತ್ಸೆ ಬೇಡವೆಂದೇ ಬುದ್ಧಿ ಹೇಳಿದರು.

ಆದರೆ ಜರ್ಮನಿಯ ಹಾನೋವರ್ ನಗರದ ಸ್ಟ್ರೋಮೇಯರ್ 1831ರಲ್ಲಿ ಹೊಸ ಮಾರ್ಗವನ್ನು ಹಿಡಿದಿದ್ದರು. ಚರ್ಮವನ್ನು ಅಗಲವಾಗಿ ಸೀಳದೆ, ಸಣ್ಣ ರಂಧ್ರದ ಮೂಲಕ ಕಿರಿದಾದ ಚಾಕುವನ್ನು ತೂರಿಸಿ ಒಳಗೇ ರಜ್ಜುವನ್ನು ಕತ್ತರಿಸುವುದು. ಚರ್ಮ ಮಾಯ್ದ ತರುವಾಯ ಪಾದವನ್ನು ಉಪಕರಣದಿಂದ ಮೆಲ್ಲಮೆಲ್ಲನೆ ಸರಿಪಡಿಸುವುದು. ಗಾಯವು ಗಾಳಿಗೆ ತೆರೆದಿರದ ಕಾರಣ ಕೀವಿನ ಭಯ ತಗ್ಗಿತು; ಕತ್ತರಿಸಿದ ತುದಿಗಳ ನಡುವೆ ಹೊಸ ಅಂಗಾಂಶ ಬೆಳೆದು ರಜ್ಜುವು ಉದ್ದವಾಗಿ ಕೂಡಿಕೊಂಡಿತು.

ಲಿಟಲ್ ಹಾನೋವರಿಗೆ ತೆರಳಿ, 1836ರ ಜೂನ್ ತಿಂಗಳಲ್ಲಿ ಸ್ಟ್ರೋಮೇಯರರ ಶಸ್ತ್ರಕ್ಕೆ ತಮ್ಮ ಕಾಲನ್ನು ಒಪ್ಪಿಸಿದರು. ಪಾದವು ನೆಟ್ಟಗಾಯಿತು. ರೋಗಿಯಾಗಿ ಹೋದವರು ಶಿಷ್ಯರಾಗಿ ನಿಂತು ಆ ವಿದ್ಯೆಯನ್ನು ಕಲಿತರು. ಬರ್ಲಿನ್ನಿನಲ್ಲಿ ಸೊಟ್ಟಪಾದದ ಕುರಿತೇ ಪ್ರಬಂಧ ಬರೆದು ಪದವಿ ಪಡೆದರು. 1837ರಲ್ಲಿ ಲಂಡನ್ನಿಗೆ ಮರಳಿ ಅದೇ ಚಿಕಿತ್ಸೆಯನ್ನು ಅಲ್ಲಿ ಆರಂಭಿಸಿದರು. ಅಂಗವಿಕಲರಿಗಾಗಿ ಅವರು ಕಟ್ಟಿದ ಸಂಸ್ಥೆಯೇ ಮುಂದೆ ರಾಯಲ್ ಆರ್ಥೋಪೆಡಿಕ್ ಆಸ್ಪತ್ರೆಯಾಯಿತು. ಕಷ್ಟದ ಹೆರಿಗೆಗೂ ಶಿಶುಗಳ ಕೈಕಾಲು ಸೆಡೆತಕ್ಕೂ ಇರುವ ಸಂಬಂಧವನ್ನು ಅವರು ವಿವರಿಸಿದ್ದರಿಂದ ಆ ವ್ಯಾಧಿಗೆ ಬಹುಕಾಲ ಅವರ ಹೆಸರೇ ನಿಂತಿತು. 1894ರಲ್ಲಿ ಅವರು ಕಾಲವಾದರು.

ಇಂದಿಗೂ ಸೊಟ್ಟಪಾದದ ಹಸುಳೆಗಳಿಗೆ ವಾರವಾರ ಪ್ಲಾಸ್ಟರ್ ಕಟ್ಟಿ, ಕೊನೆಗೆ ಅನೇಕರಿಗೆ ಅದೇ ರಜ್ಜುವನ್ನು ಕಿರುರಂಧ್ರದಿಂದ ಕತ್ತರಿಸುತ್ತಾರೆ. ಸುಮಾರು ಮೂರು ವಾರಗಳಲ್ಲಿ ಅದು ಕೂಡಿಕೊಳ್ಳುತ್ತದೆ. ಆದುದರಿಂದ ಇಂಥ ಮಗುವು ಹುಟ್ಟಿದ ಮನೆಯವರು ವಿಧಿಯನ್ನು ಹಳಿಯುತ್ತ ಕೂಡದೆ, ಮೊದಲ ವಾರಗಳಲ್ಲಿಯೇ ವೈದ್ಯರ ಬಳಿಗೆ ಕೊಂಡೊಯ್ಯುವುದು ಶ್ರೇಯಸ್ಕರ.