ರಾಜಾ ರವಿವರ್ಮ

ರವಿವರ್ಮರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಅವರ ಬಾಳನ್ನು ಬಲ್ಲವರು ಇನ್ನೂ ವಿರಳ. ಶಿವಮೊಗ್ಗದ ಹಳೆಯ ಮನೆಗಳ ದೇವರ ಗೂಡಿನಲ್ಲಿಯೂ ಭದ್ರಾವತಿಯ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲುಗಡೆಯಲ್ಲಿಯೂ ತಾವರೆಯ ಮೇಲೆ ನಿಂತ ಲಕ್ಷ್ಮಿಯನ್ನು, ವೀಣೆ ಹಿಡಿದ ಸರಸ್ವತಿಯನ್ನು ನಾವು ಕಾಣುತ್ತೇವೆ. ಅವುಗಳಲ್ಲಿ ಹಲವು ರವಿವರ್ಮರು ಕೊಟ್ಟ ರೂಪಗಳು, ಇಲ್ಲವೆ ಅವುಗಳ ನೆರಳುಗಳು. ಕೇಳಿದವರಿಗೆ ಹಣ ಪಡೆದು ಚಿತ್ರ ಬರೆದುಕೊಟ್ಟ ಈ ಮಹನೀಯರನ್ನು ಕಲಾವಿದರೆನ್ನಬೇಕೆ, ಕಸಬುದಾರರೆನ್ನಬೇಕೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಅವರ ಚರಿತ್ರೆಯನ್ನು ಓದಿದೆನು.

ರವಿವರ್ಮರು 1848ನೆಯ ಏಪ್ರಿಲ್ 29ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಸೋದರಮಾವ ರಾಜರಾಜವರ್ಮರೇ ಅವರಿಗೆ ಗುರುಗಳು. ಹದಿನಾಲ್ಕನೆಯ ವಯಸ್ಸಿನಲ್ಲಿ ತಿರುವನಂತಪುರದ ಅರಮನೆಯನ್ನು ಸೇರಿದರು. ತೈಲವರ್ಣ ಆಗ ನಮ್ಮ ದೇಶಕ್ಕೆ ಹೊಸದು. ಅದನ್ನು ಬಲ್ಲ ಹಿರಿಯರು ಗುಟ್ಟನ್ನು ಬಿಟ್ಟುಕೊಡಲಿಲ್ಲ. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ಅರಮನೆಗೆ ಬಂದನು. ಅವನು ಕಲಿಸಲಿಲ್ಲ, ಕೆಲಸವನ್ನು ನೋಡಲು ಮಾತ್ರ ಒಪ್ಪಿದನು. ಯುವಕ ರವಿವರ್ಮರಿಗೆ ನೋಡುವುದೇ ಪಾಠವಾಯಿತು. ಉಳಿದುದನ್ನು ತಪ್ಪಿ ತಿದ್ದಿ ತಾವೇ ಕಲಿತರು.

ಮಲೆನಾಡಿಗರಾದ ನಮಗೆ ಹತ್ತಿರವೆನಿಸುವ ಸಂಗತಿಯೊಂದು ಇಲ್ಲಿದೆ. 1870ರಲ್ಲಿ ಅವರು ಕೊಲ್ಲೂರಿಗೆ ಯಾತ್ರೆ ಬಂದು, ಮೂಕಾಂಬಿಕೆಯ ಸನ್ನಿಧಿಯಲ್ಲಿ ನಲವತ್ತೊಂದು ದಿನ ವ್ರತ ಹಿಡಿದರೆಂದು ಚರಿತ್ರಕಾರರು ಹೇಳುತ್ತಾರೆ. ನಮ್ಮ ನಗರದ ಕಡೆಯಿಂದ ಘಟ್ಟವಿಳಿದರೆ ಸಿಕ್ಕುವ ಊರು ಅದು. ಅಲ್ಲಿಂದ ಹಿಂದಿರುಗುವಾಗ ಕಲ್ಲಿಕೋಟೆಯಲ್ಲಿ ಕಿಳಕ್ಕೆ ಪಾಲಾಟ್ ಕೃಷ್ಣಮೆನನ್ ಎಂಬವರು ತಮ್ಮ ಕುಟುಂಬದ ಚಿತ್ರವನ್ನು ಬರೆಯಿಸಿದರು. ಹಣಕ್ಕಾಗಿ ಅವರು ಬರೆದ ಮೊದಲ ಚಿತ್ರ ಅದೇ. ರಾಜಮನೆತನದ ಸಂಬಂಧವುಳ್ಳ ಯುವಕನು ಕೂಲಿಗೆ ಕುಂಚ ಹಿಡಿಯುವುದು ಅಂದಿನ ಸಮಾಜದಲ್ಲಿ ಸಣ್ಣ ಮಾತಾಗಿರಲಿಲ್ಲ.

ಮುಂದೆ ಕೀರ್ತಿ ತಾನಾಗಿಯೇ ಬಂದಿತು. 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕ ದೊರೆಯಿತು. ಅದೇ ವರ್ಷ ವಿಯೆನ್ನಾ ನಗರದಲ್ಲಿಯೂ ಮನ್ನಣೆ ಲಭಿಸಿತು. 1885ರಲ್ಲಿ ಚಾಮರಾಜೇಂದ್ರ ಒಡೆಯರು ಮೈಸೂರಿಗೆ ಕರೆಸಿಕೊಂಡರು. 1888ರಲ್ಲಿ ಬರೋಡೆಯ ಸಯಾಜಿರಾವ್ ಮಹಾರಾಜರು ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ಬರೆಯಲು ಹೇಳಿ ಐವತ್ತು ಸಾವಿರ ರೂಪಾಯಿ ಕೊಟ್ಟರು. ರವಿವರ್ಮರು ಕುಳಿತಲ್ಲಿಯೇ ಬರೆದು ಮುಗಿಸಲಿಲ್ಲ. ತಮ್ಮನಾದ ಸಿ. ರಾಜರಾಜವರ್ಮರೊಡನೆ ಉತ್ತರ ಹಿಂದೂಸ್ಥಾನವನ್ನು ಸುತ್ತಿ ಜನರ ಉಡುಗೆತೊಡುಗೆಗಳನ್ನು ಕಂಡು ಬಂದರು. ಕೆಲಸದಲ್ಲಿ ಅಣ್ಣನಿಗೆ ತಮ್ಮನೇ ಬಲಗೈ. ಎಷ್ಟೋ ಚಿತ್ರಗಳ ಹಿನ್ನೆಲೆಯ ಬೆಟ್ಟ, ಮರ, ಆಕಾಶಗಳು ಅವನ ಕೈಯವು.

ಭದ್ರಾವತಿಯಲ್ಲಿ ತೀರಿಕೊಂಡ ಹಿರಿಯರ ಭಾವಚಿತ್ರಗಳನ್ನು ಬರೆದುಕೊಡುವ ಚಿತ್ರಕಾರರೊಬ್ಬರನ್ನು ನಾನು ಬಲ್ಲೆ. ಮಾಸಿದ ಒಂದು ಫೋಟೋವನ್ನು ಮುಂದಿಟ್ಟುಕೊಂಡು, ಮೂಗು ಹೀಗಿರಲಿಲ್ಲ, ಕಣ್ಣಿನಲ್ಲಿ ನಗುವಿತ್ತು ಎಂಬ ಮನೆಯವರ ಮಾತುಗಳನ್ನೆಲ್ಲ ಅವರು ತಾಳ್ಮೆಯಿಂದ ಕೇಳುತ್ತಾರೆ. ರವಿವರ್ಮರೂ ಹೀಗೆ ಫೋಟೋಗಳ ನೆರವಿನಿಂದ ಭಾವಚಿತ್ರ ಬರೆದವರೇ. ಬರೆಯಿಸುವವರು ಅರಮನೆಯವರಾದರೇನು, ಅಂಗಡಿಯವರಾದರೇನು? ಅವರ ಮನಸ್ಸಿನಲ್ಲಿರುವ ಮುಖವನ್ನು ಬಟ್ಟೆಯ ಮೇಲೆ ತರುವ ಕಷ್ಟ ಒಂದೇ.

ಆದರೆ ಶ್ರೀಮಂತರ ಗೋಡೆಗಳಿಗಷ್ಟೇ ಬರೆದು ರವಿವರ್ಮರು ತೃಪ್ತರಾಗಲಿಲ್ಲ. ಚಿತ್ರಗಳನ್ನು ಅಚ್ಚು ಹಾಕಿಸಿ ಜನರಿಗೆ ತಲುಪಿಸಬೇಕೆಂದು ಸರ್ ಟಿ. ಮಾಧವರಾಯರು 1884ರಲ್ಲಿಯೇ ಸಲಹೆ ಕೊಟ್ಟಿದ್ದರು. ಅದರಂತೆ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಚ್ಚು. ಅರಸರು ಮಾತ್ರ ಕೊಳ್ಳಬಲ್ಲ ಚಿತ್ರ ಬಡವನ ಮನೆಗೂ ಬಂದಿತು. ಜನರಿಗೆ ಲಾಭ, ಯಜಮಾನರಿಗೆ ಸಾಲ! ಪ್ಲೇಗಿನ ಕಾಲದ ತೊಂದರೆಗಳ ನಡುವೆ ಯಂತ್ರಗಳನ್ನು ಲೋನಾವಳದ ಬಳಿಯ ಮಳವಲಿಗೆ ಸಾಗಿಸಿದರೂ ಭಾರ ಇಳಿಯಲಿಲ್ಲ. ಕೊನೆಗೆ ಮುದ್ರಣಾಲಯವನ್ನು ಷ್ಲೈಷರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಬೇಕಾಯಿತು.

ಕೊನೆಯ ದೊಡ್ಡ ಕೆಲಸ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರು ಒಂಬತ್ತು ಪೌರಾಣಿಕ ಚಿತ್ರಗಳನ್ನು ಬರೆಯಿಸಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಕಾಗದದ ಕಾರ್ಖಾನೆಯೂ ಹುಟ್ಟಿದುದು ಇದೇ ಪ್ರಭುಗಳ ಆಳ್ವಿಕೆಯಲ್ಲಿ ಎಂಬುದನ್ನು ನೆನೆದರೆ, ಅವರ ದೃಷ್ಟಿ ಎಷ್ಟು ವಿಶಾಲವೆಂಬುದು ಹೊಳೆಯುತ್ತದೆ. 1905ರ ಜನವರಿಯಲ್ಲಿ ತಮ್ಮನು ತೀರಿಕೊಂಡನು. ಬಲಗೈ ಮುರಿದಂತಾಯಿತು, ಮಧುಮೇಹ ದೇಹವನ್ನು ಕೊರೆಯುತ್ತಿತ್ತು. ಆದರೂ ರವಿವರ್ಮರು ಒಪ್ಪಿಕೊಂಡ ಕೆಲಸವನ್ನು ಬಿಡಲಿಲ್ಲ. ಸಮುದ್ರರಾಜನ ಮೇಲೆ ಮುನಿದು ನಿಂತ ಶ್ರೀರಾಮನ ಚಿತ್ರವನ್ನು ಜಗನ್ಮೋಹನ ಅರಮನೆಯಲ್ಲಿ ನೋಡಿದಾಗ, ಅದನ್ನು ಬರೆದ ಕೈ ದಣಿದ ಕೈಯೆಂದು ನನಗೆ ತೋರಲಿಲ್ಲ. 1906ನೆಯ ಅಕ್ಟೋಬರ್ 2ರಂದು ಅವರು ಕಿಳಿಮಾನೂರಿನಲ್ಲಿ ಕಾಲವಾದರು.

ಅವರ ದೇವತೆಗಳು ನಾಟಕದ ಪಾತ್ರಗಳಂತಿವೆ, ರೀತಿಯೆಲ್ಲ ಪರದೇಶದ್ದು ಎಂದು ಆನಂದ ಕುಮಾರಸ್ವಾಮಿಯವರಂಥ ವಿದ್ವಾಂಸರು ಆಕ್ಷೇಪಿಸಿದರು. ಅದರಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಹಣಕ್ಕೆ ಬರೆದುದೆಲ್ಲ ಹಗುರವೆಂಬ ಮಾತನ್ನು ನಾನು ಒಪ್ಪಲಾರೆ. ಬರೆಯಿಸುವವರು ವಿಷಯವನ್ನು ಹೇಳಬಹುದು, ಅಳತೆಯನ್ನು ಹೇಳಬಹುದು. ಶ್ರದ್ಧೆಯನ್ನು ಕೊಡಬೇಕಾದವನು ಬರೆಯುವವನೇ. ಚಿತ್ರ ಬರೆದರೆ ಹೊಟ್ಟೆ ತುಂಬೀತೇ ಎಂಬ ಮಾತಿಗೆ ಅಂಜಿ ಕುಂಚವನ್ನು ಕೆಳಗಿಟ್ಟ ಗೆಳೆಯರು ನಮ್ಮ ತರಗತಿಗಳಲ್ಲಿಯೂ ಇದ್ದಾರೆ. ದುಡಿಮೆಯೂ ಕಲೆಯೂ ಒಂದೇ ಕೈಯಲ್ಲಿ ಇರಬಲ್ಲವೆಂಬುದನ್ನು ಅವರು ಈ ಬಾಳಿನಿಂದ ತಿಳಿಯಲಿ.